ಒಂದೇ ಸೆಮಿಸ್ಟರ್‌ಗೆ ಜರ್ಮನಿ: ರೂಮು, ದುಡ್ಡು, ಊಟ, ಟಿಕೆಟ್ಟು, ಯಾವುದರಲ್ಲಿ ಯಾವುದು ವಾಸಿ?

ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಇಂಜಿನಿಯರಿಂಗ್ ಓದುವ ಹುಡುಗ ಜರ್ಮನಿಗೆ ಹೊರಟ ಅಂತ ಗೊತ್ತಾದರೆ ಸಾಕು, ಸಲಹೆಗೆ ಬರವಿಲ್ಲ. ದೊಡ್ಡಮ್ಮನ ಮಗ, ಕಾಲೇಜಿನ ಸೀನಿಯರ್, ಬೆಂಗಳೂರಿನ ಕನ್ಸಲ್ಟೆನ್ಸಿಯವರು, ಎಲ್ಲರೂ ಹೇಳುವವರೇ. ತೊಂದರೆ ಏನಂದ್ರೆ ಇವರಲ್ಲಿ ಬಹುಪಾಲು ಜನ ಎರಡು ವರ್ಷದ ಮಾಸ್ಟರ್ಸ್ ಲೆಕ್ಕದಲ್ಲಿ ಮಾತಾಡುತ್ತಾರೆ. ಎರಡು ವರ್ಷ ಇರುವವನು ಮೊದಲ ಎರಡು ತಿಂಗಳು ಅಲೆದಾಡಿ ಕಡಿಮೆ ಬಾಡಿಗೆಯ ಮನೆ ಹುಡುಕಿದರೆ ಅದು ಜಾಣತನ. ಆರು ತಿಂಗಳಿಗೆ ಹೋದವನು ಅದನ್ನೇ ಮಾಡಿದರೆ ಸೆಮಿಸ್ಟರ್‌ನ ಮೂರನೇ ಒಂದು ಪಾಲು ಅಲೆದಾಟದಲ್ಲೇ ಮುಗಿಯಿತು. ಹಾಗಾಗಿ ಇಲ್ಲಿ ಎಲ್ಲದಕ್ಕೂ ನಾನು ಕೇಳಿರುವುದು ಒಂದೇ ಪ್ರಶ್ನೆ: ಮೊದಲ ತಿಂಗಳ ತಲೆನೋವು ಯಾವುದರಲ್ಲಿ ಕಡಿಮೆ? ಅದಕ್ಕೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಅಕ್ಟೋಬರಾ, ಏಪ್ರಿಲ್ಲಾ?

ಜರ್ಮನಿಯ ಯೂನಿವರ್ಸಿಟಿಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಪಾಠ ಶುರುವಾಗುವುದು ಎರಡರಲ್ಲೂ ತಿಂಗಳ ಮಧ್ಯದ ಹೊತ್ತಿಗೆ. ಹೊಖ್‌ಶೂಲೆ ಅಂತ ಕರೆಯುವ ಪ್ರಾಯೋಗಿಕ ಶಿಕ್ಷಣದ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಒಂದು ತಿಂಗಳು ಮೊದಲೇ ಶುರು.

ಕಾಲೇಜು ಆಯ್ಕೆ ಕೊಟ್ಟರೆ ನನ್ನ ಓಟು ಏಪ್ರಿಲ್‌ಗೆ. ಅಕ್ಟೋಬರ್‌ನಲ್ಲಿ ಹೊಸಬರೆಲ್ಲ ಒಟ್ಟಿಗೆ ಬಂದು ಇಳಿಯುತ್ತಾರೆ, ರೂಮು ಸಿಗುವುದು ಕಷ್ಟ. ಬಂದು ಜಾಗ ಗೊತ್ತಾಗುವಷ್ಟರಲ್ಲಿ ಕತ್ತಲೆಯ ಕಾಲ ಬರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆ ಅಂದರೆ ದೀಪ ಹಾಕಬೇಕು. ಮೂಡಿಗೆರೆಯ ಮಳೆ, ಚಳಿ ನೋಡಿದವರು ನಾವು, ನಮಗೇನು ಅನ್ನಬೇಡಿ. ಚಳಿ ಅಲ್ಲ ಕಾಡುವುದು, ಬೆಳಕಿಲ್ಲದಿರುವುದು. ಜೂನ್‌ನಲ್ಲಾದರೆ ರಾತ್ರಿ ಒಂಬತ್ತೂವರೆಗೂ ಬೆಳಕು.

ಅಕ್ಟೋಬರ್ ಪರ ಹೇಳುವುದೂ ಇದೆ. ಹೊಸಬರಿಗೆ ಅಂತ ನಡೆಸುವ ಪರಿಚಯದ ಕಾರ್ಯಕ್ರಮಗಳು ಆಗ ಜಾಸ್ತಿ, ಎಲ್ಲರೂ ಹೊಸಬರಾದ್ದರಿಂದ ಸ್ನೇಹ ಬೇಗ ಬೆಳೆಯುತ್ತದೆ. ಏಪ್ರಿಲ್‌ನಲ್ಲಿ ಹೋದವರು ಆಗಲೇ ಗುಂಪು ಕಟ್ಟಿಕೊಂಡವರ ಮಧ್ಯೆ ಸೇರಿಕೊಳ್ಳಬೇಕು.

ಕಾಫಿ ತೋಟದ ಮನೆಯವರು ಮಾತ್ರ ಇನ್ನೊಂದು ಲೆಕ್ಕ ಹಾಕಬೇಕು, ಇದನ್ನು ಬೆಂಗಳೂರಿನವರು ಯಾರೂ ಹೇಳಿಕೊಡುವುದಿಲ್ಲ. ಅಕ್ಟೋಬರ್‌ಗೆ ಹೊರಡುವವರು ಜುಲೈ, ಆಗಸ್ಟ್‌ನಲ್ಲೇ ವೀಸಾಕ್ಕೆ ದುಡ್ಡು ತೋರಿಸಬೇಕು. ಆಗ ತೋಟದಲ್ಲಿ ಮಳೆ, ಕೈಯಲ್ಲಿ ಕಾಸಿಲ್ಲ, ಗೊಬ್ಬರಕ್ಕೇ ಸಾಲ ಎತ್ತಿರುತ್ತಾರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆ. ಏಪ್ರಿಲ್‌ಗೆ ಹೊರಡುವುದಾದರೆ ದುಡ್ಡು ಬೇಕಾಗುವುದು ಸರಿಯಾಗಿ ಕಾಫಿ ಮಾರುವ ಹೊತ್ತಿಗೆ. ಇದೊಂದೇ ಕಾರಣಕ್ಕೆ ಏಪ್ರಿಲ್ ಆರಿಸಿದರೂ ತಪ್ಪಿಲ್ಲ. ಹಾಸನಾಂಬೆಯ ಬಾಗಿಲು ತೆಗೆಯುವಾಗ ಊರಲ್ಲಿರಬಹುದು ಅನ್ನುವುದು ಲಾಭದ ಮೇಲೆ ಲಾಭ.

ದುಡ್ಡು ತೋರಿಸುವುದು

ವೀಸಾಕ್ಕೆ ಖರ್ಚಿನ ದುಡ್ಡು ಇದೆ ಅಂತ ತೋರಿಸಲು ಮುಖ್ಯವಾಗಿ ಮೂರು ದಾರಿ. ಬ್ಲಾಕ್ಡ್ ಅಕೌಂಟ್, ಸ್ಕಾಲರ್‌ಶಿಪ್ ಪತ್ರ, ಇಲ್ಲವೇ ಜರ್ಮನಿಯಲ್ಲೇ ಇರುವ ಯಾರಾದರೂ ಅಲ್ಲಿನ ಕಚೇರಿಗೆ ಹೋಗಿ ಇವರ ಖರ್ಚು ನನ್ನದು ಅಂತ ಬರೆದುಕೊಡುವುದು. ಮೂರನೆಯದನ್ನು ಹತ್ತಿರದ ಸಂಬಂಧಿ ಇದ್ದು ಅವರೇ ಮುಂದೆ ಬಂದರೆ ಮಾತ್ರ ಒಪ್ಪಿಕೊಳ್ಳಿ. ಅದು ಬಾಯಿಮಾತಿನ ಜಾಮೀನಲ್ಲ, ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಏನಾದರೂ ಖರ್ಚು ಬಿದ್ದರೆ ಅವರು ಕಟ್ಟಬೇಕು. ಅವರ ಸಂಬಳದ ಚೀಟಿಯನ್ನೂ ಕೇಳುತ್ತಾರೆ. ಚಿಕ್ಕಪ್ಪನ ಹೆಂಡತಿಯ ತಮ್ಮ ಅಂತೆಲ್ಲ ಹೋಗಿ ಕೇಳಬೇಡಿ.

ಉಳಿದಿದ್ದು ಬ್ಲಾಕ್ಡ್ ಅಕೌಂಟ್. ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಡುವ ಖಾತೆ ಇದು. 2024ರ ಸೆಪ್ಟೆಂಬರ್‌ನಿಂದ ಇದರಲ್ಲಿ ಇಡಬೇಕಾದದ್ದು ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಇರುವ ತಿಂಗಳಿಗಷ್ಟೇ ಇಟ್ಟರೆ ಆಯಿತು, ಅಂದರೆ ಆರು ತಿಂಗಳಿಗೆ 5,952. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಆರು ಲಕ್ಷದ ಹತ್ತಿರ. ಇದು ಫೀಸಲ್ಲ, ನಿಮ್ಮದೇ ದುಡ್ಡು, ಅಲ್ಲಿ ಹೋದ ಮೇಲೆ ತಿಂಗಳು ತಿಂಗಳು ವಾಪಸ್ ಬರುತ್ತದೆ. ಇದನ್ನು ಮನೆಯಲ್ಲಿ ಮೊದಲೇ ಬಿಡಿಸಿ ಹೇಳಿ. ಅಪ್ಪಂದಿರು ಇದನ್ನೆಲ್ಲ ಖರ್ಚಿನ ಲೆಕ್ಕಕ್ಕೆ ಬರೆದುಕೊಂಡು ಮೇಲೆ ಇನ್ನೊಂದು ಆರು ಲಕ್ಷ ಬೇಕೇನೋ ಅಂತ ಗಾಬರಿಯಾಗುತ್ತಾರೆ. ಫಿನ್ಟಿಬಾ, ಎಕ್ಸ್‌ಪಾಟ್ರಿಯೊ ಥರದ ಕಂಪನಿಗಳಲ್ಲಿ ಮನೆಯಲ್ಲೇ ಕೂತು ಖಾತೆ ತೆಗೆಯಬಹುದು.

ಎಜುಕೇಶನ್ ಲೋನ್ ಬೇಕಾ? ಒಂದು ಸೆಮಿಸ್ಟರ್‌ಗೆ ನನ್ನ ಪ್ರಕಾರ ಬೇಡ. ಆಸ್ತಿ ಪತ್ರ, ವಕೀಲರ ಒಪೀನಿಯನ್, ಬ್ರಾಂಚಿನಿಂದ ಬ್ರಾಂಚಿಗೆ ಫೈಲು, ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಸೆಮಿಸ್ಟರ್ ಬಂದು ನಿಂತಿರುತ್ತದೆ. ಮನೆಯ ದುಡ್ಡು ಕಳಿಸುವುದಾದರೆ 2025ರ ಏಪ್ರಿಲ್‌ನಿಂದ ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ ಹತ್ತು ಲಕ್ಷದವರೆಗೆ ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ, ಕಟ್ಟಬೇಕಿಲ್ಲ. ನಿಮ್ಮ ಲೆಕ್ಕ ಅಷ್ಟರೊಳಗೇ ಮುಗಿಯುತ್ತದೆ. ಆದರೆ ಅದೇ ಪ್ಯಾನ್‌ನಲ್ಲಿ ಅಣ್ಣನಿಗೂ ದುಡ್ಡು ಕಳಿಸಿದ್ದರೆ ಎರಡೂ ಸೇರುತ್ತದೆ, ನೋಡಿಕೊಳ್ಳಿ.

ಪಾರ್ಟ್‌ಟೈಮ್ ದುಡಿದು ತುಂಬಿಸಿಕೊಳ್ತೀನಿ ಅನ್ನುವವರಿಗೆ ಒಂದು ಮಾತು. ವರ್ಷಕ್ಕೆ 140 ಪೂರ್ತಿ ದಿನ ಕೆಲಸಕ್ಕೆ ಅವಕಾಶ ಇದೆ ನಿಜ. ಕೆಲಸ ಹುಡುಕಿ, ಟ್ಯಾಕ್ಸ್ ನಂಬರ್ ಬಂದು, ಮೊದಲ ಸಂಬಳ ಕೈಗೆ ಸಿಗುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಸಿಕ್ಕರೆ ಮಾಡಿ, ನಂಬಿಕೊಂಡು ಹೋಗಬೇಡಿ.

ಕೈಯಲ್ಲಿ ಒಯ್ಯುವುದಕ್ಕೆ ಇಲ್ಲೇ ಯೂರೋ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡು, ಜೊತೆಗೆ ಇನ್ನೂರು ಮುನ್ನೂರು ಯೂರೋ ನೋಟು. ನಮ್ಮ ಮಾಮೂಲಿ ಡೆಬಿಟ್ ಕಾರ್ಡನ್ನು ಅಲ್ಲಿ ಉಜ್ಜಿದರೆ ಪ್ರತಿ ಸಲ ಮೇಲೊಂದಿಷ್ಟು ಕಡಿತ. ಅದು ಆಪತ್ತಿಗಿರಲಿ.

ಎಲ್ಲಿ ಉಳಿಯುವುದು

ಇದೇ ದೊಡ್ಡ ವಿಷಯ. ಉಳಿದಿದ್ದರಲ್ಲಿ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ರೂಮಿನಲ್ಲಿ ಎಡವಿದರೆ ಎಲ್ಲದಕ್ಕೂ ಏಟು. ಯಾಕೆ ಅಂದರೆ ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು, ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಪುಟದ ಪತ್ರ ಬೇಕು. ಆ ಪತ್ರ ಇಲ್ಲ ಅಂದರೆ ದಾಖಲಾತಿ ಇಲ್ಲ, ದಾಖಲಾತಿ ಇಲ್ಲ ಅಂದರೆ ಟ್ಯಾಕ್ಸ್ ನಂಬರ್ ಇಲ್ಲ, ಬ್ಯಾಂಕಿನಲ್ಲೂ ಕೊಸರಾಟ. ಹಾಗಾಗಿ ಯಾವ ರೂಮು ನೋಡಿದರೂ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಆನ್‌ಮೆಲ್ಡುಂಗ್ ಪತ್ರ ಕೊಡ್ತೀರಾ ಅಂತ ಕೇಳಿ.

ಮೊದಲನೆಯದು ಸ್ಟುಡೀರೆಂಡೆನ್‌ವೆರ್ಕ್ ಅನ್ನುವ ಸಂಸ್ಥೆ ನಡೆಸುವ ವಿದ್ಯಾರ್ಥಿ ಹಾಸ್ಟೆಲ್. ಬಾಡಿಗೆ ಊರಿನ ಮೇಲೆ ಹೋಗುತ್ತದೆ, ಹೆಚ್ಚಿನ ಕಡೆ 250ರಿಂದ 400 ಯೂರೋ ಒಳಗೆ, ಕರೆಂಟು, ನೀರು, ಹೀಟರ್, ಇಂಟರ್ನೆಟ್ ಸಾಮಾನ್ಯವಾಗಿ ಸೇರಿಯೇ. ಮಂಚ, ಮೇಜು, ಬೀರು ಇರುತ್ತದೆ. ಪತ್ರ ಕೇಳದೆಯೇ ಕೊಡುತ್ತಾರೆ. ಒಪ್ಪಂದ ಸೆಮಿಸ್ಟರ್ ಲೆಕ್ಕದಲ್ಲೇ ಇರುವುದರಿಂದ ನಿಮ್ಮ ಆರು ತಿಂಗಳಿಗೆ ಹೇಳಿ ಮಾಡಿಸಿದ ಹಾಗೆ. ಎಕ್ಸ್‌ಚೇಂಜ್‌ನಲ್ಲಿ ಬರುವವರಿಗೆ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸ್ ಒಂದಷ್ಟು ರೂಮು ಹಿಡಿದಿಟ್ಟಿರುವುದೂ ಉಂಟು. ಅಡ್ಮಿಶನ್ ಪತ್ರದ ಜೊತೆ ಬರುವ ಮೇಲ್‌ನಲ್ಲಿ ಎಲ್ಲೋ ಕೆಳಗೆ ಅದರ ಲಿಂಕು ಇರುತ್ತದೆ, ಬಂದ ದಿನವೇ ತುಂಬಿ. ಒಂದು ವಿಷಯ ಮನೆಯಲ್ಲಿ ಮೊದಲೇ ಹೇಳಿಬಿಡಿ. ಹಾಸ್ಟೆಲ್ ಅಂದ ತಕ್ಷಣ ಅಮ್ಮ ಅಂದುಕೊಳ್ಳುವ ವಾರ್ಡನ್, ಮೆಸ್ಸು, ರಾತ್ರಿ ಎಂಟಕ್ಕೆ ಗೇಟು, ಇದ್ಯಾವುದೂ ಅಲ್ಲಿಲ್ಲ. ಹುಡುಗ ಹುಡುಗಿಯರು ಒಂದೇ ಸಾಲಿನ ರೂಮುಗಳಲ್ಲಿರುತ್ತಾರೆ, ಅಡುಗೆಮನೆಯೂ ಒಂದೇ. ಆಮೇಲೆ ವಿಡಿಯೋ ಕಾಲ್‌ನಲ್ಲಿ ಗೊತ್ತಾಗಿ ರಂಪ ಆಗುವುದಕ್ಕಿಂತ ಈಗ ಹೇಳುವುದು ವಾಸಿ.

ಎರಡನೆಯದು ವೇಗೆ. ಮೂರು ನಾಲ್ಕು ಜನ ಸೇರಿ ಒಂದು ಫ್ಲ್ಯಾಟು ಹಿಡಿದು, ಆಳಿಗೊಂದು ರೂಮು, ಅಡುಗೆಮನೆ ಬಚ್ಚಲು ಹಂಚಿಕೊಳ್ಳುವುದು. ಭಾಷೆ ಕಲಿಯುವುದಕ್ಕೆ, ಅಲ್ಲಿನ ಜನರ ಜೊತೆ ಬೆರೆಯುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅವರು ನಿಮ್ಮನ್ನು ಆರಿಸಬೇಕು. ವಿಡಿಯೋದಲ್ಲಿ ಅರ್ಧ ಗಂಟೆ ಮಾತಾಡಿಸುತ್ತಾರೆ, ಹೆಣ್ಣು ನೋಡುವ ಶಾಸ್ತ್ರದ ಥರವೇ: ಏನು ಓದ್ತಿದ್ದೀಯ, ಅಡುಗೆ ಬರುತ್ತಾ, ಬೇಗ ಮಲಗ್ತೀಯಾ. ನೂರು ಮೆಸೇಜ್ ಕಳಿಸಿದರೆ ಹತ್ತು ಜನ ಉತ್ತರ ಕೊಡಬಹುದು. ಆರೇ ತಿಂಗಳು ಅಂದ ಕೂಡಲೇ ಅದರಲ್ಲಿ ಅರ್ಧ ಜನ ಬೇಡ ಅನ್ನುತ್ತಾರೆ.

ಇದರಲ್ಲೇ ಒಂದು ಒಳದಾರಿ ಇದೆ, ಟ್ಸ್ವಿಶೆನ್‌ಮೀಟೆ ಅಂತ. ಅಲ್ಲಿನ ಹುಡುಗರೂ ನಿಮ್ಮ ಹಾಗೆಯೇ ಒಂದು ಸೆಮಿಸ್ಟರ್ ಬೇರೆ ದೇಶಕ್ಕೆ ಹೋಗುತ್ತಾರೆ, ಆ ಹೊತ್ತಿಗೆ ರೂಮು ಖಾಲಿ ಬಿಡುವ ಬದಲು ಮಂಚ ಹಾಸಿಗೆ ಸಮೇತ ಇನ್ನೊಬ್ಬರಿಗೆ ಕೊಡುತ್ತಾರೆ. ಹಾಸ್ಟೆಲ್ ಸಿಗದವರು ಮೊದಲು ಹುಡುಕಬೇಕಾದದ್ದು ಇದನ್ನು. ಸಾಮಾನು ಕೊಳ್ಳಬೇಕಿಲ್ಲ, ಹೊರಡುವಾಗ ಮಾರಬೇಕಿಲ್ಲ. ಮನೆ ಮಾಲೀಕರ ಒಪ್ಪಿಗೆ ಇದೆಯಾ, ಪತ್ರಕ್ಕೆ ಸಹಿ ಸಿಗುತ್ತಾ, ಇವೆರಡನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮೋಸದ ವಿಷಯ ಇಲ್ಲಿ ಹೇಳಲೇಬೇಕು. ಫೋಟೋದಲ್ಲಿ ಅರಮನೆ ಥರದ ಮನೆ, ಬಾಡಿಗೆ ಅರ್ಧ, ಮಾಲೀಕರು ಮಾತ್ರ ಬೇರೆ ದೇಶದಲ್ಲಿದ್ದಾರೆ, ಅಡ್ವಾನ್ಸ್ ಹಾಕಿದರೆ ಕೀ ಕೊರಿಯರ್‌ನಲ್ಲಿ ಬರುತ್ತದೆ ಅಂತ ಯಾರಾದರೂ ಬರೆದರೆ ಅಲ್ಲಿಗೆ ಮಾತು ನಿಲ್ಲಿಸಿ. ನಿಮ್ಮ ಪಾಸ್‌ಪೋರ್ಟ್ ಫೋಟೋ ಕೂಡ ಕಳಿಸಬೇಡಿ. ವಿಡಿಯೋದಲ್ಲಿ ರೂಮು ತೋರಿಸಿ ಅಂದಾಗ ನೆಪ ಹೇಳುವವರು ಬಾಡಿಗೆಗೆ ಕೊಡುವವರಲ್ಲ.

ಮೂರನೆಯದು ಖಾಸಗಿ ಸ್ಟೂಡೆಂಟ್ ಅಪಾರ್ಟ್‌ಮೆಂಟ್. ಕಟ್ಟಡ ಹೊಸದು, ಬಚ್ಚಲು ಸ್ವಂತದ್ದು, ಇಲ್ಲೇ ಕೂತು ಆನ್‌ಲೈನ್‌ನಲ್ಲಿ ಬುಕ್ ಮಾಡಬಹುದು. ಬಾಡಿಗೆ 600 ಯೂರೋ ದಾಟುವುದು ಮಾಮೂಲು, ಮ್ಯೂನಿಕ್‌ನಂಥ ಊರಲ್ಲಿ ಇನ್ನೂ ಮೇಲೆ. ಕೆಲವು ಕಡೆ ಕಡಿಮೆ ಅಂದರೂ ಒಂದು ವರ್ಷ ಇರಬೇಕು ಅನ್ನುವ ಷರತ್ತು ಬೇರೆ, ಸಹಿ ಮಾಡುವ ಮೊದಲು ಅದನ್ನು ನೋಡಿ. ಎಲ್ಲವೂ ಕೈಕೊಟ್ಟಾಗ, ವಿಮಾನಕ್ಕೆ ಒಂದು ತಿಂಗಳಿರುವಾಗ, ಇದನ್ನು ಹಿಡಿಯಿರಿ. ದುಬಾರಿ ನಿಜ, ಆದರೂ ರೂಮಿಲ್ಲದೆ ಹೋಗುವುದಕ್ಕಿಂತ ಮೇಲು.

ನಾಲ್ಕನೆಯದು ನಮ್ಮವರ ಮನೆ. ಬೇಲೂರಿನವರು ಯಾರೋ ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ, ಅಲ್ಲೇ ಇರು ಅಂತ ಅಮ್ಮ ಹೇಳಿಯೇ ಹೇಳುತ್ತಾರೆ. ಒಂದು ವಾರಕ್ಕೆ ಬಹಳ ಒಳ್ಳೆಯದು. ಆರು ತಿಂಗಳಿಗೆ ಇಬ್ಬರಿಗೂ ಕಷ್ಟ. ಅಲ್ಲಿನ ಫ್ಲ್ಯಾಟುಗಳಲ್ಲಿ ನಮ್ಮ ಕಡೆಯ ತೊಟ್ಟಿಮನೆಯಷ್ಟು ಜಾಗ ಇರುವುದಿಲ್ಲ, ಅವರೂ ಮಾಲೀಕರ ಒಪ್ಪಿಗೆ ಕೇಳಬೇಕಾಗುತ್ತದೆ.

ಬಾಡಿಗೆ ಹೋಲಿಸುವಾಗ ಕಾಲ್ಟ್, ವಾರ್ಮ್ ಅನ್ನುವ ಎರಡು ಲೆಕ್ಕ ಕಾಣುತ್ತದೆ. ಕಾಲ್ಟ್ ಅಂದರೆ ಬರೀ ಗೋಡೆಯ ಬಾಡಿಗೆ, ವಾರ್ಮ್ ಅಂದರೆ ಹೀಟರು ನೀರು ಸೇರಿ. ವಾರ್ಮ್ ಹೋಲಿಸಿ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಕಾನೂನೇ ಹಾಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿದವರಿಗೆ ಇದೊಂದು ಸಮಾಧಾನ.

ಟಪಾಲು ಪೆಟ್ಟಿಗೆ

ಯಾವ ರೂಮು ಹಿಡಿದರೂ ಮೊದಲ ದಿನ ಮಾಡುವ ಕೆಲಸ ಒಂದಿದೆ. ಕೆಳಗೆ ಬಾಗಿಲ ಹತ್ತಿರ ಸಾಲಾಗಿ ಟಪಾಲು ಪೆಟ್ಟಿಗೆಗಳಿರುತ್ತವೆ, ಒಂದೊಂದರ ಮೇಲೂ ಬೆರಳುದ್ದದ ಹೆಸರಿನ ಚೀಟಿ. ಅಲ್ಲಿ ರೂಮ್ ನಂಬರ್ ನೋಡಿ ಕಾಗದ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಯಿತು. ಬ್ಯಾಂಕ್ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ಇನ್ಶೂರೆನ್ಸ್ ಕಾರ್ಡು, ಟ್ಯಾಕ್ಸ್ ನಂಬರು, ಎಲ್ಲವೂ ಟಪಾಲಿನಲ್ಲೇ ಬರುವ ದೇಶ ಅದು.

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಗಂಟು. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಾಗ ಊರ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ. ಅಲ್ಲಿ ಹೋದ ಮೇಲೆ ನೀವು ಹೆರ್ (ನಮ್ಮ ಶ್ರೀ ಇದ್ದ ಹಾಗೆ) ಸೋಮೇಗೌಡ, ಅಂದರೆ ನಿಮ್ಮ ಅಪ್ಪ. ಹಾಗೇ ಇರಲಿ ಬಿಡಿ. ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರನ್ನೇ ಅಡ್ಮಿಶನ್, ಟಿಕೆಟ್, ಬ್ಲಾಕ್ಡ್ ಅಕೌಂಟ್, ಟಪಾಲು ಪೆಟ್ಟಿಗೆ ಎಲ್ಲದರಲ್ಲೂ ಅಕ್ಷರ ತಪ್ಪದೆ ಬರೆಯಿರಿ. ಇನ್ನೂ ಪಾಸ್‌ಪೋರ್ಟ್ ಮಾಡಿಸದವರು ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಮಾಡಿಸಬಹುದು, ಅರ್ಜಿ ತುಂಬುವಾಗಲೇ ಇದನ್ನು ಯೋಚಿಸಿ. ವೀಸಾಕ್ಕೆ ಹೇಗಿದ್ದರೂ ಬೆಂಗಳೂರಿನ ವಿಎಫ್‌ಎಸ್ ಅನ್ನುವ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಲೇಬೇಕು. ಅರ್ಜಿಯಲ್ಲಿ ಇರುವಷ್ಟೂ ಅವಧಿಗೆ ವೀಸಾ ಕೇಳಿ. ಪೂರ್ತಿ ಅವಧಿಗೆ ಕೊಟ್ಟರೆ ಅಲ್ಲಿನ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟಿಗೆ ಕಾಯುವುದು ತಪ್ಪುತ್ತದೆ.

ಇನ್ಶೂರೆನ್ಸ್‌ನಲ್ಲಿ ಸರ್ಕಾರಿ ವ್ಯವಸ್ಥೆಯದು ತಿಂಗಳಿಗೆ ಸುಮಾರು 140, 150 ಯೂರೋ, ಖಾಸಗಿಯದು ಅದಕ್ಕಿಂತ ಕಡಿಮೆಗೆ ಸಿಗುತ್ತದೆ. 30 ವರ್ಷದೊಳಗಿನವರಿಗೆ ನಾನು ಹೇಳುವುದು ಸರ್ಕಾರಿಯದೇ. ಖಾಸಗಿ ತೆಗೆದುಕೊಂಡರೂ ಸರ್ಕಾರಿ ಕಂಪನಿಯಿಂದ ವಿನಾಯಿತಿಯ ಪತ್ರ ತಂದು ಯೂನಿವರ್ಸಿಟಿಗೆ ಕೊಡಬೇಕು, ಒಂದು ಸಲ ವಿನಾಯಿತಿ ತೆಗೆದುಕೊಂಡರೆ ಆ ಓದು ಮುಗಿಯುವವರೆಗೆ ಒಳಗೆ ಬರುವಂತಿಲ್ಲ. ಮೊದಲೇ ಹೋಗಿ ಇಳಿಯುವ ದಿನಗಳಿಗೆ ಒಂದು ಟ್ರಾವೆಲ್ ಪಾಲಿಸಿ ಇರಲಿ.

ಮೆನ್ಸಾ ಊಟವಾ, ಸ್ವಂತ ಅಡುಗೆಯಾ

ಎರಡೂ. ಮಧ್ಯಾಹ್ನ ಯೂನಿವರ್ಸಿಟಿಯ ಮೆನ್ಸಾದಲ್ಲಿ, ಅಂದರೆ ಕ್ಯಾಂಟೀನಿನಲ್ಲಿ, ಮೂರರಿಂದ ಐದು ಯೂರೋಗೆ ಹೊಟ್ಟೆ ತುಂಬುತ್ತದೆ, ಸಸ್ಯಾಹಾರ ಯಾವುದು ಅಂತ ಬರೆದೇ ಇರುತ್ತಾರೆ. ಆಲೂಗಡ್ಡೆ ಸಮೃದ್ಧಿ. ಹಾಸನದವರಿಗೆ ಅದೇನು ಹೊಸದಲ್ಲ, ಆದರೆ ಪಲ್ಯ ಅಲ್ಲ, ಬೇಯಿಸಿ ಉಪ್ಪು ಹಾಕಿದ್ದು. ರಾತ್ರಿ, ವಾರಾಂತ್ಯ ಬಹಳ ಕಡೆ ಮೆನ್ಸಾ ಇಲ್ಲ, ಭಾನುವಾರ ಅಂಗಡಿಯೂ ಇಲ್ಲ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು. ಅಕ್ಕಿ, ಬೇಳೆ ಅಲ್ಲಿ ಏಷ್ಯಾದವರ ಅಂಗಡಿ, ಟರ್ಕಿಯವರ ಅಂಗಡಿಗಳಲ್ಲಿ ಸಿಗುತ್ತದೆ, ಇಲ್ಲಿಂದ ಹೊರಬೇಡಿ.

ಹೊರಬೇಕಾದದ್ದು ಸಾರಿನ ಪುಡಿ, ರಾಗಿ ಹಿಟ್ಟು, ಚಿಕೋರಿ ಬೆರೆಸಿದ ಕಾಫಿಪುಡಿ, ಸಣ್ಣ ಸ್ಟೀಲ್ ಫಿಲ್ಟರ್. ಚಿಕ್ಕಮಗಳೂರಿನವರಿಗೆ ಕಾಫಿ ಬಗ್ಗೆ ನಾನು ಹೇಳುವುದೇನಿದೆ, ಎರಡನೇ ವಾರಕ್ಕೆ ಅಲ್ಲಿನ ಕಾಫಿ ಕುಡಿದು ನೀವೇ ಅರ್ಥ ಮಾಡಿಕೊಳ್ಳುತ್ತೀರಿ. ಬಿಟ್ಟು ಹೋಗಬೇಕಾದದ್ದು ಅಮ್ಮ ಕಟ್ಟಿಕೊಡುವ ತುಪ್ಪ, ಪೇಡ, ಒಣಮೀನಲ್ಲದ ಯಾವುದೇ ಮಾಂಸದ ಪದಾರ್ಥ. ಹಾಲಿನದು ಮಾಂಸದ್ದು ಹೊರಗಿನ ದೇಶದಿಂದ ಯೂರೋಪಿನೊಳಗೆ ಒಯ್ಯುವಂತಿಲ್ಲ. ಕರಿಬೇವಿನ ಸೊಪ್ಪೂ ನಡೆಯುವುದಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಮಾತ್ರ ಅಡ್ಡಿಯಿಲ್ಲ, ಅರಸೀಕೆರೆಯವರು ಸಂತೋಷಪಡಬಹುದು.

ಕುಕ್ಕರ್ ಒಯ್ಯುವುದಾದರೆ ತಳ ಸಪಾಟಾದ ಸ್ಟೀಲಿನದು, ಇಂಡಕ್ಷನ್‌ಗೂ ಆಗುವಂಥದ್ದು. ಅಲ್ಯೂಮಿನಿಯಂ ಬೇಡ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದು, ರೂಮಿನ ಬಾಗಿಲು ಮುಚ್ಚಿ. ಒಣಮೆಣಸಿನಕಾಯಿ ಸೀದ ಹೊಗೆಗೆ ಹೊಗೆ ಅಲಾರಂ ಕೂಗಿಕೊಂಡರೆ ಇಡೀ ಕಟ್ಟಡ ಕೆಳಗಿಳಿದು ನಿಮ್ಮ ಮುಖ ನೋಡುತ್ತದೆ.

ಟಿಕೆಟ್ಟು, ದಾರಿ

ಮಂಗಳೂರಾ ಬೆಂಗಳೂರಾ ಅಂತ ಸಕಲೇಶಪುರ, ಮೂಡಿಗೆರೆಯವರು ಕೇಳುತ್ತಾರೆ. ನಕ್ಷೆಯಲ್ಲಿ ಬಜ್ಪೆ ಹತ್ತಿರ ನಿಜ. ಆದರೆ ಅಲ್ಲಿಂದ ಯೂರೋಪಿಗೆ ನೇರ ವಿಮಾನ ಇಲ್ಲ, ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಯಾವಾಗ ಬಂದ್ ಆಗುತ್ತದೋ ದೇವರಿಗೇ ಗೊತ್ತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ಲುಫ್ತಾನ್ಸಾದ ನೇರ ವಿಮಾನ ಇದೆ. ಕೊಲ್ಲಿ ದೇಶಗಳ ಮೇಲೆ ಹೋಗುವ ಟಿಕೆಟ್ ಅಗ್ಗಕ್ಕೆ ಸಿಗಬಹುದು. ಮೊದಲ ಸಲ ವಿಮಾನ ಹತ್ತುವವರಾದರೆ ನೇರ ವಿಮಾನವೇ ಇರಲಿ, ಐದಾರು ಸಾವಿರ ಜಾಸ್ತಿ ಆದರೂ.

ಹೋಗಿಬರುವ ಟಿಕೆಟ್ ಒಟ್ಟಿಗೆ ತೆಗೆಯಿರಿ, ವಾಪಸ್ ದಿನಾಂಕ ಬದಲಿಸಲು ಆಗುವಂಥದ್ದು ನೋಡಿ. ಪರೀಕ್ಷೆಯ ದಿನ ಯಾವಾಗ ಅಂತ ಹೋಗುವ ಮೊದಲು ಗೊತ್ತಾಗುವುದು ಕಡಿಮೆ. ವೀಸಾ ಕೈಗೆ ಬರುವ ಮೊದಲು ದುಡ್ಡು ವಾಪಸ್ ಬಾರದ ಟಿಕೆಟ್ ಬೇಡ. ವಾರದ ಮಧ್ಯೆ, ಬೆಳಗ್ಗೆ ಅಲ್ಲಿ ಇಳಿಯುವ ಹಾಗೆ ನೋಡಿಕೊಳ್ಳಿ. ಹಾಸ್ಟೆಲ್ ಕೀ ಕೊಡುವ ಆಫೀಸು ಶನಿವಾರ ಭಾನುವಾರ ಮುಚ್ಚಿರುತ್ತದೆ.

ಹಾಸನದಿಂದ ದೇವನಹಳ್ಳಿಗೆ ಹೋಗುವವರು ಊರೊಳಗೆ ನುಗ್ಗುವ ಬದಲು ನೆಲಮಂಗಲದಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಮನೆಮಂದಿಯೆಲ್ಲ ಎರಡು ಕಾರು ತುಂಬಿಕೊಂಡು ಬರುವುದಾದರೆ ಊಟದ ಹೊತ್ತಿಗೇ ಹೊರಡಿಸಿ, ಯಡಿಯೂರಿನಲ್ಲಿ ಕೈಮುಗಿಯಲು ನಿಲ್ಲಿಸದೆ ಬಿಡುವುದಿಲ್ಲ.

ಹೊರಡುವ ಮೊದಲು ಎರಡು ಸಣ್ಣ ಕೆಲಸ. ಅಲ್ಲಿ ತೆಗೆದುಕೊಳ್ಳುವ ವಿಷಯಗಳ ಪಟ್ಟಿಗೆ, ಲರ್ನಿಂಗ್ ಅಗ್ರಿಮೆಂಟ್ ಅಂತಾರೆ, ನಿಮ್ಮ ಎಚ್‌ಒಡಿ ಸಹಿ ಮಾಡಿಸಿ. ಯೂರೋಪಿನ ಲೆಕ್ಕದಲ್ಲಿ ಸೆಮಿಸ್ಟರ್‌ಗೆ 30 ಕ್ರೆಡಿಟ್, ಇಲ್ಲಿ ಅದಕ್ಕೆ ಎಷ್ಟು ಕೊಡ್ತಾರೆ ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಇನ್ನೊಂದು, ನಿಮ್ಮ ಇಲ್ಲಿನ ಸಿಮ್. ಅಲ್ಲಿಗೆ ಹೊಸ ಸಿಮ್ ತೆಗೆದುಕೊಂಡರೂ ಇದಕ್ಕೆ ಆರು ತಿಂಗಳು ರೀಚಾರ್ಜ್ ಮಾಡಿಸಿ, ರೋಮಿಂಗ್ ಆನ್ ಮಾಡಿ, ಡೇಟಾ ಆಫ್ ಮಾಡಿ. ಬ್ಯಾಂಕಿನ ಒಟಿಪಿ ಇದಕ್ಕೇ ಬರುವುದು.